7 ತಂತಿಯ ಕ್ಲಾಸಿಕಲ್ ಗಿಟಾರಿಗೆ ಲೋ ಬಿ: ಎಷ್ಟು ದಪ್ಪದ ತಂತಿ ಬೇಕು?

ಬೇಳ_ಕ್ವಾಯರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಬೇಳದವನು. ಇಗರ್ಜಿಯ ಕ್ವಾಯರಿನಲ್ಲಿ ಗಿಟಾರ್ ನುಡಿಸುತ್ತೇನೆ. ನಮ್ಮ ಬೇಸ್ ಗಿಟಾರಿನ ಹುಡುಗ ಗಲ್ಫಿಗೆ ಹೋದ ಮೇಲೆ ಹಾಡುಗಳಿಗೆ ಅಡಿಪಾಯವೇ ಇಲ್ಲದ ಹಾಗಾಗಿದೆ. ಅದಕ್ಕೆ ಪರಿಚಯದ ಮರಗೆಲಸದವರೊಬ್ಬರ ಕೈಯಲ್ಲಿ 7 ತಂತಿಯ ಕ್ಲಾಸಿಕಲ್ ಗಿಟಾರ್ ಮಾಡಿಸಿದ್ದೇನೆ. ಅವರು ಗಿಟಾರ್ ರಿಪೇರಿ ಮಾಡಿ ಪಳಗಿದವರು, ಕೆಲಸ ಚೆನ್ನಾಗಿದೆ. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ (ನಟ್) ಇನ್ನೊಂದು ತುದಿಯ ಬ್ರಿಡ್ಜಿಗೆ 650 ಮಿ.ಮೀ.

ತೊಂದರೆ 7ನೇ ತಂತಿಯದ್ದು, ಅದರಲ್ಲಿ 6ನೇ ತಂತಿಯ ಇ ಗಿಂತ ಕೆಳಗಿನ ಬಿ ಸ್ವರ (ಲೋ ಬಿ) ಬರಬೇಕು. ಸದ್ಯಕ್ಕೆ ಇನ್ನೊಂದು 6ನೇ ತಂತಿಯನ್ನೇ (ಇ) ಅಲ್ಲಿ ಹಾಕಿ ಬಿ ವರೆಗೆ ಇಳಿಸಿದ್ದೇನೆ. ತಂತಿ ಜೋತು ಬೀಳುತ್ತದೆ, ಕುತ್ತಿಗೆಯ ಅಡ್ಡ ಪಟ್ಟಿಗಳಿಗೆ (ಫ್ರೆಟ್) ಬಡಿದು ಝರ್ ಅನ್ನುತ್ತದೆ. ಇದಕ್ಕೆ ಸರಿಯಾದ ಗೇಜ್ (ತಂತಿಯ ದಪ್ಪ) ಯಾವುದು? ನೆಟ್‌ನಲ್ಲಿ ಸಿಗುವ ಹೆಚ್ಚಿನ ಲೆಕ್ಕಗಳು ಸ್ಟೀಲ್ ತಂತಿಯವು. ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿ ಹಾಕಿದರೆ ಆಗುತ್ತದಾ? ಇನ್ನೊಬ್ಬರು, ‘ಕೆಳಗೆ ಬೇಡ, ಮೇಲಿನ ಇ ಪಕ್ಕದಲ್ಲಿ ಹೈ ಎ ಹಾಕು, ಗಾಳದ ನೈಲಾನ್ ದಾರ ಸಾಕು’ ಅಂದರು. ತಿಳಿದವರು ಹೇಳಿ.

ಹೊಸೂರು_ಟೂಲ್‌ರೂಮ್:

ಸಂಗೀತ ನನಗೆ ಕೇಳಿ ಮಾತ್ರ ಗೊತ್ತು, ಅಳತೆ ನನ್ನ ಕೆಲಸ. ಹಾಗಾಗಿ ಅಳತೆಯ ಬಗ್ಗೆ ಮಾತ್ರ ಹೇಳುತ್ತೇನೆ. ನೈಲಾನ್ ತಂತಿಯನ್ನು ವರ್ನಿಯರ್‌ನಿಂದ ಅಳೆಯಬೇಡಿ. ದವಡೆ ಒತ್ತಿದ ಕೂಡಲೇ ನೈಲಾನ್ ಚಪ್ಪಟೆಯಾಗುತ್ತದೆ, ಅಳತೆ ಕಡಿಮೆ ಬರುತ್ತದೆ. ಮೈಕ್ರೋಮೀಟರ್ ಇದ್ದರೆ ತುದಿಯಲ್ಲಿ ಕಟಕಟ ಅನ್ನುವ ಗುಂಡಿ (ರಾಚೆಟ್) ಹಿಡಿದೇ ತಿರುಗಿಸಿ. ಒಂದೇ ಜಾಗದಲ್ಲಿ ತಂತಿಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ತಂತಿ ದುಂಡಗಿಲ್ಲ ಅಂತ ಅರ್ಥ. ಅಂಥ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಸುಳ್ಳು ಸ್ವರ ಕೊಡುತ್ತದೆ ಅಂತ ನಮ್ಮ ಬೀದಿಯ ಗಿಟಾರ್ ಮೇಷ್ಟ್ರು ಹೇಳುತ್ತಾರೆ.

ಇನ್ನೊಂದು. ದಪ್ಪದಲ್ಲಿ 2 ಪರ್ಸೆಂಟ್ ತಪ್ಪಿದರೆ ಕೊಯ್ದ ಮುಖದ ವಿಸ್ತೀರ್ಣದಲ್ಲಿ 4 ಪರ್ಸೆಂಟ್ ತಪ್ಪುತ್ತದೆ. 0.71 ಮಿ.ಮೀ. ತಂತಿಯನ್ನು 0.72 ಅಂತ ಓದಿದರೂ ಸುಮಾರು 3 ಪರ್ಸೆಂಟ್ ಹೋಯಿತು.

ಮಂಜೇಶ್ವರ_ಮಾಸ್ಟ್ರು:

ಬೇಳದವರೇ, ಒಳ್ಳೆಯ ಪ್ರಶ್ನೆ. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಫಿಸಿಕ್ಸ್ ಕಲಿಸಿ ನಿವೃತ್ತನಾದವನು. ಸೋನೋಮೀಟರ್ ಪೆಟ್ಟಿಗೆಯ ಮೇಲೆ ತಂತಿ ಎಳೆದು, ತೂಕ ನೇತು ಹಾಕಿ, ಮಕ್ಕಳಿಗೆ ಇದನ್ನೇ ತೋರಿಸುತ್ತಿದ್ದೆ. ಈಗ ಮನೆಯಲ್ಲಿ 8 ತಂತಿಯ ಗಿಟಾರ್ ಇಟ್ಟುಕೊಂಡಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ಗೇಜನ್ನು ಪಕ್ಕಕ್ಕಿಡಿ. ಬಿಗಿಯನ್ನು ನಿರ್ಧರಿಸುವುದು ಒಂದು ಮೀಟರ್ ತಂತಿಯ ತೂಕ. ಫ್ರಾನ್ಸಿನ ಮರ್ಸೆನ್ 1636ರಲ್ಲೇ ಈ ನಿಯಮ ಬರೆದಿಟ್ಟಿದ್ದಾನೆ. ನಮಗೆ ಬೇಕಾದ ರೂಪ ಇದು:

ಬಿಗಿ (ನ್ಯೂಟನ್) = ಒಂದು ಮೀಟರಿನ ತೂಕ (ಕೆ.ಜಿ.) × (2 × ಉದ್ದ × ಕಂಪನ)²

ಉದ್ದ ಮೀಟರಿನಲ್ಲಿ, ಕಂಪನ ಹರ್ಟ್ಸ್‌ನಲ್ಲಿ. ಬಂದ ಉತ್ತರವನ್ನು 9.81ರಿಂದ ಭಾಗಿಸಿದರೆ ಕೆ.ಜಿ. ಲೆಕ್ಕದ ಬಿಗಿ ಸಿಗುತ್ತದೆ. 6ನೇ ತಂತಿಯ ಇ 82.41 ಹರ್ಟ್ಸ್, ನಿಮ್ಮ ಬಿ 61.74. ಲೋ ಎ ಆದರೆ 55.

ಇ ತಂತಿಯನ್ನು ಬಿ ಗೆ ಇಳಿಸಿದಾಗ ಏನಾಯಿತು ನೋಡಿ. ಕಂಪನ ಮುಕ್ಕಾಲು ಆಯಿತು. ಬಿಗಿಯಲ್ಲಿ ಅದರ ವರ್ಗ ಬರುತ್ತದೆ, ಅಂದರೆ 0.56. ಹತ್ತಿರ ಹತ್ತಿರ ಅರ್ಧ ಬಿಗಿ ಹೋಯಿತು. ತಂತಿ ಜೋತು ಬೀಳುವುದಕ್ಕೆ ಕಾರಣ ಇಷ್ಟೇ, ಗಿಟಾರ್ ಮಾಡಿದವರ ಕೆಲಸದಲ್ಲಿ ಏನೂ ದೋಷ ಇಲ್ಲ. ಬಿಗಿ ಮೊದಲಿನಷ್ಟೇ ಇರಬೇಕು ಅಂದರೆ ತೂಕ 1.78 ಪಟ್ಟು ಆಗಬೇಕು. ಹತ್ತು ಪರ್ಸೆಂಟ್ ಹೆಚ್ಚು ಭಾರದ ಹಾರ್ಡ್ ಟೆನ್ಷನ್ (ಹೆಚ್ಚು ಬಿಗಿಯ) ತಂತಿ ತಂದು ಹಾಕಿದರೆ ಸಾಲುವುದಿಲ್ಲ.

ಹಾಗಾದರೆ ತೂಕ ಗೊತ್ತಾಗುವುದು ಹೇಗೆ? ಮೇಲಿನ ಮೂರು ತಂತಿಗಳು ಬರೀ ನೈಲಾನ್. ಅವುಗಳ ದಪ್ಪ ಗೊತ್ತಿದ್ದರೆ ತೂಕ ಲೆಕ್ಕ ಹಾಕಬಹುದು. ಕೆಳಗಿನವು ಹಾಗಲ್ಲ. ಒಳಗೆ ಕೂದಲಿನಂಥ ನೈಲಾನ್ ಎಳೆಗಳ ಕಟ್ಟು, ಹೊರಗೆ ಬೆಳ್ಳಿ ಲೇಪದ ತಾಮ್ರದ ಸುತ್ತು. ಒಂದೇ ದಪ್ಪದ ಎರಡು ತಂತಿಗಳಲ್ಲಿ ಒಂದಕ್ಕೆ ತಾಮ್ರ ಜಾಸ್ತಿ, ಇನ್ನೊಂದಕ್ಕೆ ನೈಲಾನ್ ಜಾಸ್ತಿ ಇರಬಹುದು. ಅದಕ್ಕೇ ಲೋ ಬಿ ಗೆ ಬರೀ ಗೇಜ್ ಹೇಳಿದರೆ ನಂಬಬೇಡಿ, ಆ ಗೇಜ್ ಯಾವ ಕಂಪನಿಯದ್ದು ಅಂತ ಕೇಳಿ.

ತೂಕ ತಿಳಿಯಲು ಸುಲಭದ ದಾರಿ ಇದೆ. ಹೊಸ 6ನೇ ತಂತಿಯನ್ನು ಕವರಿನಿಂದ ತೆಗೆದು, ನೇರ ಹಿಡಿದು, ಉದ್ದ ಅಳೆಯಿರಿ. ಆಮೇಲೆ ಸುರುಳಿ ಸುತ್ತಿ ಬದಿಯಡ್ಕ ಪೇಟೆಯ ಯಾವುದಾದರೂ ಚಿನ್ನದ ಅಂಗಡಿಗೆ ತೆಗೆದುಕೊಂಡು ಹೋಗಿ. ಅವರ ತಕ್ಕಡಿ ಗ್ರಾಮಿನ ನೂರನೇ ಒಂದು ಭಾಗ ತೋರಿಸುತ್ತದೆ. ತಂತಿ ಕತ್ತರಿಸುವುದೂ ಬೇಡ. ಅಳತೆ ಇಲ್ಲಿ ಹಾಕಿ, ಮುಂದಿನದ್ದು ಒಟ್ಟಿಗೆ ಮಾಡೋಣ.

ಬೇಳ_ಕ್ವಾಯರ್:

ಮಾಸ್ಟ್ರೇ, ತುಂಬಾ ಉಪಕಾರ. ತಂತಿ ನಾರ್ಮಲ್ ಟೆನ್ಷನ್‌ನದ್ದು, ಪ್ಯಾಕೆಟ್ಟಿನಲ್ಲಿ .043 ಇಂಚು ಅಂತ ಇದೆ. ಉದ್ದ 102 ಸೆಂ.ಮೀ., ತೂಕ 5.51 ಗ್ರಾಂ. ಅಂಗಡಿಯವರು ಪ್ರೀತಿಯಿಂದಲೇ ತೂಗಿ ಕೊಟ್ಟರು.

ಮಂಜೇಶ್ವರ_ಮಾಸ್ಟ್ರು:

ಚಂದ ಆಯಿತು. 5.51 ಭಾಗಿಸು 1.02, ಮೀಟರಿಗೆ 5.4 ಗ್ರಾಂ. ಅಂದರೆ 0.0054 ಕೆ.ಜಿ.

ಇ ಗೆ: 2 × 0.65 × 82.41 = 107.13. ಅದರ ವರ್ಗ 11,477. ಅದನ್ನು 0.0054ರಿಂದ ಗುಣಿಸಿದರೆ 62 ನ್ಯೂಟನ್, ಅಂದರೆ 6.3 ಕೆ.ಜಿ. ನಾರ್ಮಲ್ ಟೆನ್ಷನ್ ಇ ತಂತಿಯ ಬಿಗಿ ಇಷ್ಟೇ ಇರಬೇಕು, ಹಾಗಾಗಿ ನಿಮ್ಮ ತೂಕ ಸರಿಯಾಗಿದೆ.

ಅದೇ ತಂತಿ ಬಿ ಯಲ್ಲಿ: 2 × 0.65 × 61.74 = 80.26. ವರ್ಗ 6,442. ಬಿಗಿ 34.8 ನ್ಯೂಟನ್, 3.5 ಕೆ.ಜಿ. ಚಿಲ್ಲರೆ. ಈಗ ನಿಮ್ಮ ಗಿಟಾರಿನಲ್ಲಿ ಬಡಿಯುತ್ತಿರುವುದು ಇದು.

ಎಷ್ಟು ಬಿಗಿ ಬೇಕು ಅನ್ನುವುದು ಮುಂದಿನ ಮಾತು. ಇಲ್ಲಿ ಪುಸ್ತಕಕ್ಕಿಂತ ನಿಮ್ಮ ಬೆರಳು ದೊಡ್ಡದು. 6ನೇ ತಂತಿಯನ್ನು ಡಿ ಗೆ ಇಳಿಸಿ ನುಡಿಸಿದ್ದೀರಿ ಅಲ್ವಾ? ಡ್ರಾಪ್ ಡಿ ಎಲ್ಲರಿಗೂ ಪರಿಚಯ ಇರುವ ಸಡಿಲ. ಲೆಕ್ಕ ಹಾಕಿ: 73.42 ಹರ್ಟ್ಸ್, ಅದೇ 5.4 ಗ್ರಾಂ, ಬಿಗಿ 5 ಕೆ.ಜಿ. ಅದಕ್ಕಿಂತ ಸಡಿಲ ಆದರೆ ಬಲಗೈ ತಂತಿಯನ್ನು ಹುಡುಕಬೇಕಾಗುತ್ತದೆ. ನನ್ನ ಪ್ರಕಾರ ಕೆಳಮಿತಿ 5 ಕೆ.ಜಿ., ಮೇಲ್ಮಿತಿ 6 ಕೆ.ಜಿ. ಬಿ ತಂತಿ ಇ ಗಿಂತ ಸ್ವಲ್ಪ ಮೆತ್ತಗೆ ಇರುವುದೇ ಒಳ್ಳೆಯದು. ತೀರಾ ಭಾರದ ತಂತಿ ದಪ್ಪವಾಗಿ, ಸೆಟೆದುಕೊಂಡು, ಸ್ವರದ ಹೊಳಪು ಹೋಗುತ್ತದೆ.

ಸೂತ್ರವನ್ನು ತಿರುಗಿಸಿ ಹಾಕಿ. 5 ಕೆ.ಜಿ. ಅಂದರೆ 49 ನ್ಯೂಟನ್, ಅದನ್ನು 6,442ರಿಂದ ಭಾಗಿಸಿದರೆ ಮೀಟರಿಗೆ 7.6 ಗ್ರಾಂ. 6 ಕೆ.ಜಿ. ಗೆ 9.1 ಗ್ರಾಂ. ಒಂದೇ ಬಗೆಯ ತಂತಿಯಾದರೆ ದಪ್ಪ ತೂಕದ ವರ್ಗಮೂಲದ ಹಾಗೆ ಏರುತ್ತದೆ. ನಿಮ್ಮ .043 ಅಂದರೆ 1.09 ಮಿ.ಮೀ. ಅದರಿಂದ 1.30 ಮಿ.ಮೀ.ನಿಂದ 1.42 ಮಿ.ಮೀ. ವರೆಗೆ ಬರುತ್ತದೆ. ಇಂಚಿನಲ್ಲಿ .051ರಿಂದ .056.

ನಾನು ನಿಮ್ಮ ಜಾಗದಲ್ಲಿದ್ದರೆ ಮೀಟರಿಗೆ 8 ಗ್ರಾಂ ಆಸುಪಾಸಿನದ್ದನ್ನೇ ಹುಡುಕುತ್ತಿದ್ದೆ. ಅದು ಬಿ ಯಲ್ಲಿ 5.2 ಕೆ.ಜಿ. ಕೊಡುತ್ತದೆ, ಸಿ ಗೆ ಏರಿಸಿದರೆ 5.9. ಬ್ರೆಜಿಲ್‌ನವರ 7 ತಂತಿಯ ಗಿಟಾರಿನಲ್ಲಿ ಹಳೆಯ ರೂಢಿ ಸಿ ಯೇ. ಕ್ವಾಯರಿನಲ್ಲಿ ಸಿ, ಎಫ್, ಜಿ ಕೀಗಳೇ ಜಾಸ್ತಿ ಬರುವುದಾದರೆ ಖಾಲಿ ತಂತಿಯ ಸಿ ನಿಮಗೆ ಬಿ ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಲೋ ಎ ಗೆ ಮಾತ್ರ ಆಸೆ ಪಡಬೇಡಿ. 650ರಲ್ಲಿ ಅದಕ್ಕೆ 6 ಕೆ.ಜಿ. ಬೇಕಾದರೆ ಮೀಟರಿಗೆ 11.5 ಗ್ರಾಂ, ದಪ್ಪ ಹತ್ತಿರ ಹತ್ತಿರ 1.6 ಮಿ.ಮೀ. ಆಗುತ್ತದೆ.

ತಂತಿ ಕೊಳ್ಳುವಾಗ ಬಿಡಿ ತಂತಿಗೆ ಬಿಗಿಯ ಅಂಕಿ ಕೊಟ್ಟಿದ್ದರೆ ಯಾವ ಸ್ವರಕ್ಕೆ, ಯಾವ ಉದ್ದಕ್ಕೆ ಅಂತ ನೋಡಿ, ಅದರಿಂದ ತೂಕ ಬಿಡಿಸಿಕೊಳ್ಳಿ. ಡ'ಅಡ್ಡಾರಿಯೊದವರು ಒಂದು ಇಂಚಿಗೆ ಎಷ್ಟು ಪೌಂಡ್ ಅಂತಲೇ ಪಟ್ಟಿ ಕೊಡುತ್ತಾರೆ. ಅದನ್ನು 17,858ರಿಂದ ಗುಣಿಸಿದರೆ ಮೀಟರಿಗೆ ಗ್ರಾಂ ಬರುತ್ತದೆ. ಹನ್ನಾಬಾಖ್, ಲಾ ಬೆಲ್ಲಾ, ಅಕ್ವಿಲಾ ಕಂಪನಿಗಳು 6ಕ್ಕಿಂತ ಹೆಚ್ಚು ತಂತಿಯ ಗಿಟಾರಿಗೆ ಅಂತಲೇ ತಂತಿ ಮಾಡುತ್ತವೆ. ಇಡೀ ಸೆಟ್ ಬೇಡ, ಬಿಡಿಯಾಗಿ ಸಿಗುತ್ತದಾ ಕೇಳಿ.

ಎಲೆಕ್ಟ್ರಿಕ್ ಗಿಟಾರ್ ತಂತಿಯ ಬಗ್ಗೆ. ಅದನ್ನು ಹಾಕಿದರೆ ಬಿಗಿ ಜಾಸ್ತಿಯಾಗಿ ಬ್ರಿಡ್ಜ್ ಕಿತ್ತು ಬರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಒಂದೇ ತೂಕ, ಒಂದೇ ಉದ್ದ, ಒಂದೇ ಸ್ವರ ಆದರೆ ಸ್ಟೀಲಿಗೂ ನೈಲಾನಿಗೂ ಬಿಗಿ ಒಂದೇ. ತೊಂದರೆ ಬೇರೆ. ಸ್ಟೀಲ್ ಹೆಚ್ಚು ಹಿಗ್ಗುವುದಿಲ್ಲ. ಕ್ಲಾಸಿಕಲ್ ಗಿಟಾರಿನ ಎತ್ತರದ ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಆ ಸ್ವಲ್ಪ ಎಳೆತಕ್ಕೇ ಸ್ಟೀಲಿನ ಸ್ವರ ಏರಿಬಿಡುತ್ತದೆ. ಖಾಲಿ ತಂತಿ ಶ್ರುತಿಯಲ್ಲಿದ್ದರೂ ಒತ್ತಿದ ಸ್ವರ ಅಪಶ್ರುತಿ. ಅದಲ್ಲದೆ ಉಳಿದ ಆರು ತಂತಿಗಳ ನಾದಕ್ಕೆ ಅದು ಹೊಂದುವುದೂ ಇಲ್ಲ. ಬೇಡ.

ಜತ್ತ_ಸಿತಾರ್:

ಮಾಸ್ಟರ್ ಹೇಳಿದ್ದು ಖರೇ ಅದ. ನಾನು ಸಾಂಗ್ಲಿ ಜಿಲ್ಲೆಯ ಜತ್ತದವನು. ಮಿರಜ್ ನಮಗೆ ಹತ್ತಿರ, ಸಿತಾರ್ ತಂಬೂರಿ ಮಾಡುವವರ ಓಣಿಯಲ್ಲಿ ಓಡಾಡಿ ಬೆಳೆದವನು. ತಂಬೂರಿಯಲ್ಲಿ ನಾಲ್ಕು ತಂತಿಗಳ ಉದ್ದ ಒಂದೇ. ನಡುವಿನ ಜೋಡಿ ಸ್ಟೀಲ್, ಖರ್ಜದ (ಕೆಳಗಿನ ಸಾ) ತಂತಿ ದಪ್ಪ ಹಿತ್ತಾಳೆಯದ್ದು. ಒಂದು ಸಪ್ತಕ ಕೆಳಗೆ ಹೋಗಬೇಕಾದರೆ ಅದೇ ಬಿಗಿಗೆ ನಾಲ್ಕು ಪಟ್ಟು ತೂಕ ಬೇಕಲ್ಲ, ಅದಕ್ಕೆ. ಗಂಡಸರ ತಂಬೂರಿ ದೊಡ್ಡದು, ಹೆಂಗಸರದ್ದು ಸಣ್ಣದು. ಸ್ವರ ಏರಿದ ಹಾಗೆ ಉದ್ದವನ್ನೇ ಕಡಿಮೆ ಮಾಡಿದ್ದಾರೆ ನೋಡ್ರಿ. ನಿಮ್ಮ ಹೈ ಎ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಅನ್ನಿಸುತ್ತದೆ. ಮಾಸ್ಟರ್ ಬಿಡಿಸಿ ಹೇಳಲಿ.

ಬೇಳ_ಕ್ವಾಯರ್:

ಎಲ್ಲರಿಗೂ ಧನ್ಯವಾದ. ಹೌದು ಮಾಸ್ಟ್ರೇ, ಹೈ ಎ ಬಗ್ಗೆ ಹೇಳಿ. ನಾನು ಅಂದುಕೊಂಡದ್ದು, ತೆಳ್ಳಗಿನ ತಂತಿ ಬೇಗ ತುಂಡಾದರೆ ಸ್ವಲ್ಪ ದಪ್ಪದ್ದು ಹಾಕಿದರೆ ಆಯಿತಲ್ಲ ಅಂತ.

ಮಂಜೇಶ್ವರ_ಮಾಸ್ಟ್ರು:

ಜತ್ತದವರು ಸರಿಯಾದ ಜಾಗಕ್ಕೇ ಬೆರಳಿಟ್ಟರು. ನನ್ನ ಶಾಲೆಯ ದಿನಗಳಲ್ಲಿ ನನಗೆ ಅತ್ಯಂತ ಇಷ್ಟದ ಪಾಠ ಇದು.

ದಪ್ಪದ ತಂತಿ ಹಾಕಿದರೆ ಅದರ ಬಲ ಹೆಚ್ಚುತ್ತದೆ, ನಿಜ. ಆದರೆ ತೂಕವೂ ಅಷ್ಟೇ ಹೆಚ್ಚುತ್ತದೆ. ತೂಕ ಹೆಚ್ಚಿದಷ್ಟು ಅದೇ ಸ್ವರಕ್ಕೆ ಬೇಕಾದ ಬಿಗಿಯೂ ಹೆಚ್ಚುತ್ತದೆ. ದಪ್ಪವನ್ನು ಎರಡು ಪಟ್ಟು ಮಾಡಿ: ಬಲ ನಾಲ್ಕು ಪಟ್ಟು, ಹೊರೆಯೂ ನಾಲ್ಕು ಪಟ್ಟು. ಚದರ ಮಿ.ಮೀ.ಗೆ ಬೀಳುವ ಎಳೆತ ಒಂದಿಷ್ಟೂ ಬದಲಾಗುವುದಿಲ್ಲ. ಅದು ಸಾಂದ್ರತೆ × (2 × ಉದ್ದ × ಕಂಪನ)² ಮಾತ್ರ. ಇದರಲ್ಲಿ ದಪ್ಪ ಅನ್ನುವುದು ಎಲ್ಲೂ ಇಲ್ಲ.

ನೈಲಾನ್ ಸಾಂದ್ರತೆ ಘನ ಮೀಟರಿಗೆ 1,060 ಕೆ.ಜಿ. ಅಂತ ಹಿಡಿಯಿರಿ. 650ರಲ್ಲಿ ಮೊದಲನೇ ಇ ತಂತಿ, 329.63 ಹರ್ಟ್ಸ್, ಚದರ ಮಿ.ಮೀ.ಗೆ ಸುಮಾರು 195 ನ್ಯೂಟನ್. ಇದನ್ನು ನೈಲಾನ್ ಆರಾಮವಾಗಿ ಹೊರುತ್ತದೆ. ಎ ಗೆ, 440 ಹರ್ಟ್ಸ್, ಸುಮಾರು 347. ಮತ್ತೆ ಅದೇ 1.78 ಪಟ್ಟು ಬಂತು ನೋಡಿ, ಯಾಕೆಂದರೆ ಎರಡೂ ಕಡೆ ನಾವು ಹೋಗುತ್ತಿರುವುದು ನಾಲ್ಕು ಸ್ವರದಷ್ಟೇ ದೂರ. ಕೆಳಗೆ ಹೋಗುವಾಗ ಆ 1.78ನ್ನು ತಾಮ್ರ ಸುತ್ತಿ ತುಂಬಬಹುದು. ಮೇಲೆ ಹೋಗುವಾಗ ತುಂಬುವ ದಾರಿಯೇ ಇಲ್ಲ. 347 ಅನ್ನುವುದು ನೈಲಾನಿನ ತಾಳಿಕೆಯ ಅಂಚಿಗೆ ತೀರಾ ಹತ್ತಿರ. ಗಾಳದ ದಾರವೂ ನೈಲಾನೇ, ಅದಕ್ಕೂ ಇದೇ ಗತಿ.

ಕಾರ್ಬನ್ ಅಂತ ಮಾರುವ ತಂತಿ ಫ್ಲೋರೋಕಾರ್ಬನ್. ಅದರ ಸಾಂದ್ರತೆ ಸುಮಾರು 1,780. ಅಂದರೆ ಅದೇ ಸ್ವರಕ್ಕೆ ಎಳೆತ ಇನ್ನೂ ಜಾಸ್ತಿ. ಹೈ ಎ ಗೆ ಅದು ನೈಲಾನಿಗಿಂತ ಕಷ್ಟ. ಅದರ ನಿಜವಾದ ಉಪಯೋಗ ಮೂರನೇ ಜಿ ತಂತಿಗೆ. ನೈಲಾನಿನ ಜಿ ದಪ್ಪವಾಗಿ ಮಂಕಾಗಿ ಕೇಳುತ್ತದೆ ಅಲ್ವಾ? ಅದೇ ತೂಕಕ್ಕೆ ಕಾರ್ಬನ್ ತಂತಿಯ ದಪ್ಪ 0.77 ಪಟ್ಟು ಸಾಕು. .040 ಇದ್ದ ಕಡೆ .031. ಸ್ವರ ಬಿಡಿಸಿಕೊಂಡು ಬರುತ್ತದೆ. ಇದನ್ನು ಒಮ್ಮೆ ಹಾಕಿ ನೋಡಿ.

ಹೈ ಎ ಬೇಕೇ ಬೇಕು ಅಂದರೆ ಉದ್ದ ಕಡಿಮೆ ಮಾಡಬೇಕು. ಇ ತಂತಿಯಷ್ಟೇ ಎಳೆತ ಇರಬೇಕಾದರೆ 487 ಮಿ.ಮೀ. ಅದು ನಿಮ್ಮ ಗಿಟಾರಿನ 5ನೇ ಫ್ರೆಟ್‌ನಿಂದ ಬ್ರಿಡ್ಜಿಗೆ ಇರುವ ದೂರವೇ. ಅಷ್ಟು ಗಿಡ್ಡ ಮಾಡದೆ ಇದ್ದರೂ ಸ್ವಲ್ಪ ಗಿಡ್ಡ ಮಾಡಲೇಬೇಕು. ಗಿಟಾರ್ ವಾದಕ ಪಾಲ್ ಗಾಲ್‌ಬ್ರೈತ್ ನುಡಿಸುವ 8 ತಂತಿಯ ಗಿಟಾರಿನಲ್ಲಿ ಕೆಳಗೊಂದು ಎ, ಮೇಲೊಂದು ಎ ಇದೆ. ಡೇವಿಡ್ ರೂಬಿಯೋ ಅದನ್ನು 1994ರಲ್ಲಿ ಮಾಡಿಕೊಟ್ಟದ್ದು. ಅದರ ಫ್ರೆಟ್‌ಗಳು ಬೀಸಣಿಗೆಯ ಹಾಗೆ ಓರೆ ಇವೆ. ಮೇಲಿನ ತಂತಿ ಗಿಡ್ಡ, ಕೆಳಗಿನ ತಂತಿ ಉದ್ದ. ಉದ್ದ ಹೆಚ್ಚಿದರೆ ಬೇಸಿಗೂ ಲಾಭ: 650ರ ಬದಲು 670 ಮಾಡಿದರೆ ಅದೇ ತಂತಿಯಲ್ಲಿ ಬಿಗಿ 6 ಪರ್ಸೆಂಟ್ ಜಾಸ್ತಿ. ಆದರೆ ಅದು ಫ್ರೆಟ್ ಬೋರ್ಡ್ ಕೊರೆಯುವ ಮೊದಲೇ ತೀರ್ಮಾನ ಆಗಬೇಕಾದದ್ದು. ನಿಮ್ಮದು ಈಗಾಗಲೇ ನೇರ ಫ್ರೆಟ್, 650. ಹಾಗಾಗಿ ಆ ಗಿಟಾರಿನ 7ನೇ ತಂತಿಯ ಜಾಗ ಕೆಳಗೇ.

10 ತಂತಿಯವರ ವಿಷಯವೂ ಹೇಳಿಬಿಡುತ್ತೇನೆ, ಯಾರಾದರೂ ಕೇಳುತ್ತಾರೆ. ತಂತಿ ಹೆಚ್ಚಿದ ಹಾಗೆ ದಪ್ಪ ಏರುತ್ತಲೇ ಹೋಗಬೇಕು ಅಂತೇನೂ ಇಲ್ಲ. ಸ್ಪೇನಿನ ಗಿಟಾರ್ ವಾದಕ ನಾರ್ಸಿಸೊ ಯೆಪೆಸ್‌ಗಾಗಿ ಹೊಸೆ ರಾಮಿರೆಸ್ 1964ರಲ್ಲಿ ಮಾಡಿದ 10 ತಂತಿಯ ಗಿಟಾರಿನಲ್ಲಿ 7ನೆಯದ್ದು ಸಿ, ಅದೇ ಎಲ್ಲಕ್ಕಿಂತ ಕೆಳಗಿನ ಸ್ವರ. 8, 9, 10ನೆಯವು ಎ ಶಾರ್ಪ್, ಜಿ ಶಾರ್ಪ್, ಎಫ್ ಶಾರ್ಪ್, ಮೂರೂ 6ನೇ ಇ ಗಿಂತ ಮೇಲೆ. ಉಳಿದ ಸ್ವರಗಳಿಗೆ ತಾವಾಗಿ ಮಿಡಿಯಲಿ ಅಂತ ಅವುಗಳನ್ನು ಇಟ್ಟದ್ದು.

ಹೊಸೂರಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಲಿನ ತಂತಿಗಳಿಗೆ ದಪ್ಪದಿಂದ ಲೆಕ್ಕ ಹಾಕಿದರೆ ಬಿಗಿ ಯಾವಾಗಲೂ ಜಾಸ್ತಿ ಬರುತ್ತದೆ. .028 ಇಂಚಿನ ಇ ಗೆ ಲೆಕ್ಕ 7.9 ಕೆ.ಜಿ. ಹೇಳುತ್ತದೆ, ಪ್ಯಾಕೆಟ್ಟಿನಲ್ಲಿ 7ರ ಆಸುಪಾಸು ಇರುತ್ತದೆ. ಪ್ಯಾಕೆಟ್ ಸುಳ್ಳಲ್ಲ. ನೈಲಾನ್ ಎಳೆದಾಗ ಹಿಗ್ಗಿ ತೆಳ್ಳಗಾಗುತ್ತದೆ, ಮೀಟರಿನ ತೂಕ ಇಳಿಯುತ್ತದೆ. ಮೇಲೆ ಕೊಟ್ಟ 195, 347 ಅಂಕಿಗಳೂ ಬರೀ ಲೆಕ್ಕದವು. ನಾವು ಒಂದು ತಂತಿಯನ್ನು ಇನ್ನೊಂದಕ್ಕೆ ಹೋಲಿಸಿ ಹೋಗುತ್ತಿರುವುದರಿಂದ ಈ ವ್ಯತ್ಯಾಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇದ್ದು ಬಹುಪಾಲು ಕಳೆದುಹೋಗುತ್ತದೆ.

ಹೊಸೂರು_ಟೂಲ್‌ರೂಮ್:

ಹಿಗ್ಗುವ ವಿಷಯ ಈಗ ಅರ್ಥ ಆಯಿತು ಸರ್. ಬೇಳದವರಿಗೆ ಕೊನೆಯದಾಗಿ: 1.09 ತಂತಿಗೆ ಕೊರೆದ ನಟ್ ಸೀಳಿನಲ್ಲಿ 1.35 ತಂತಿ ಕೂರುವುದಿಲ್ಲ, ಮೇಲೆ ಸಿಕ್ಕಿಕೊಳ್ಳುತ್ತದೆ. ಶ್ರುತಿ ಮಾಡುವಾಗ ಹಿಡಿದು ಹಿಡಿದು ಜಾರುತ್ತದೆ. ದುಂಡು ಅರದಿಂದ ಸ್ವಲ್ಪ ಅಗಲ ಮಾಡಿ, ಆಳ ಮಾಡಬೇಡಿ. ಬ್ರಿಡ್ಜಿನ ತೂತಿನಲ್ಲೂ ದಪ್ಪ ತಂತಿ ಹಾದು ಹೋಗುತ್ತದಾ ಅಂತ ಮೊದಲೇ ನೋಡಿ.

ಬೇಳ_ಕ್ವಾಯರ್:

ತೂತು 1.5 ಮಿ.ಮೀ. ಡ್ರಿಲ್‌ನಿಂದ ಹಾಕಿದ್ದಂತೆ, ಕೇಳಿ ನೋಡಿದೆ. 1.35 ಹೋಗುತ್ತದೆ. ಒಟ್ಟು ಬಿಗಿ ಬ್ರಿಡ್ಜಿಗೆ ಭಾರ ಆಗುವುದಿಲ್ಲ ತಾನೇ ಮಾಸ್ಟ್ರೇ? ನಮ್ಮಲ್ಲಿ ಮಳೆಗಾಲದ ತೇವಕ್ಕೆ ಅಂಟು ಬಿಡುವುದು ಇದ್ದದ್ದೇ.

ಮಂಜೇಶ್ವರ_ಮಾಸ್ಟ್ರು:

6 ನಾರ್ಮಲ್ ಟೆನ್ಷನ್ ತಂತಿಗಳು ಒಟ್ಟು 38ರಿಂದ 40 ಕೆ.ಜಿ. ಎಳೆಯುತ್ತವೆ. 7ನೆಯದ್ದು 5.2 ಕೆ.ಜಿ. ಸೇರಿದರೆ 45ರ ಹತ್ತಿರ. 7 ತಂತಿಗೆ ಅಂತಲೇ ಕಟ್ಟಿದ ಗಿಟಾರಿಗೆ ಇದು ಭಾರ ಅಲ್ಲ. ಆದರೂ ಒಳಗೆ ಬ್ರಿಡ್ಜಿನ ಕೆಳಗಿನ ಪಟ್ಟಿ ಎಷ್ಟು ಅಗಲ ಇದೆ ಅಂತ ಮಾಡಿದವರನ್ನು ಕೇಳಿ. ಚಿಂತೆ ಇದ್ದರೆ ಮೇಲಿನ ಆರನ್ನೂ ಲೈಟ್ ಟೆನ್ಷನ್ ಹಾಕಿ, 7ನೇ ತಂತಿಯನ್ನು 5 ಕೆ.ಜಿ.ಯಲ್ಲೇ ಇಡಿ. ಮಳೆಗಾಲದಲ್ಲಿ ನುಡಿಸದ ದಿನ ಎಲ್ಲಾ ತಂತಿಗಳನ್ನೂ ಒಂದು ಸ್ವರ ಇಳಿಸಿ, ಗಿಟಾರನ್ನು ಪೆಟ್ಟಿಗೆಯೊಳಗೇ ಇಡಿ. ಒಂದು ಪೂರ್ಣ ಸ್ವರ ಇಳಿಸಿದರೆ ಬಿಗಿ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಅದೇ ಸೂತ್ರದಿಂದ ನೀವೇ ಹಾಕಿ ನೋಡಬಹುದು. ತಂತಿ ಬಂದ ಮೇಲೆ ಹಾಕುವ ಮೊದಲು ಅದನ್ನೂ ಚಿನ್ನದ ಅಂಗಡಿಯಲ್ಲಿ ತೂಗಿಸಿ ಇಲ್ಲಿ ಬರೆಯಿರಿ. 7 ತಂತಿ ಮಾಡಿಸುವ ಇನ್ನೊಬ್ಬರಿಗೆ ಆ ಅಂಕಿ ಬೇಕಾಗುತ್ತದೆ.